ನೆಲದಡಿಯ ಕಲ್ಲಿದ್ದಲು: ಕಡಿಯುವುದಕ್ಕಿಂತ ಚಾವಣಿಯದೇ ದೊಡ್ಡ ಚಿಂತೆ

ಕಲ್ಲಿದ್ದಲು ಅಷ್ಟೇನೂ ಗಟ್ಟಿ ಕಲ್ಲಲ್ಲ. ಇಂದಿನ ಯಂತ್ರಗಳಿಗೆ ಅದನ್ನು ಕಡಿಯುವುದು ಕಷ್ಟದ ಕೆಲಸವೇ ಅಲ್ಲ. ಆದರೂ ನೆಲದಡಿಯ ಗಣಿ ಅಂದರೆ ಶ್ರಮ, ಖರ್ಚು, ಅಪಾಯ ಮೂರೂ ಜಾಸ್ತಿ. ಯಾಕೆ? ಕಾರಣ ಇರುವುದು ಕಲ್ಲಿದ್ದಲಿನ ಮೇಲೆ ಕೂತಿರುವ ಬಂಡೆಯಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಘನ ಮೀಟರ್ ಬಂಡೆ ಸುಮಾರು 2.5 ಟನ್ ತೂಗುತ್ತದೆ. ಕಲ್ಲಿದ್ದಲಿನ ಪದರ 300 ಮೀಟರ್ ಆಳದಲ್ಲಿದ್ದರೆ ಅದರ ಪ್ರತಿ ಚದರ ಮೀಟರ್ ಮೇಲೂ 750 ಟನ್ ಭಾರ ಇರುತ್ತದೆ. ಕೋಟ್ಯಂತರ ವರ್ಷಗಳಿಂದ ಆ ಭಾರವನ್ನು ಕಲ್ಲಿದ್ದಲೇ ಹೊತ್ತಿದೆ. ಈಗ ನಾವು ಹೋಗಿ ಅದನ್ನೇ ತೆಗೆಯುತ್ತೇವೆ. ಹಾಗಾದರೆ ಆ ಭಾರವನ್ನು ಹೊರುವವರು ಯಾರು?

ನೆಲದಡಿಯ ಗಣಿಗಾರಿಕೆಯ ಎಲ್ಲ ವಿಧಾನಗಳೂ ಈ ಪ್ರಶ್ನೆಗೆ ಕೊಟ್ಟ ಉತ್ತರಗಳೇ. ಒಂದಷ್ಟು ಕಲ್ಲಿದ್ದಲನ್ನು ಕಂಬಗಳಾಗಿ ಬಿಟ್ಟು ಚಾವಣಿಯನ್ನು ನಿಲ್ಲಿಸಿಕೊಳ್ಳುವುದು ಒಂದು ಉತ್ತರ. ಎಲ್ಲವನ್ನೂ ತೆಗೆದು, ಬೆನ್ನ ಹಿಂದೆ ಚಾವಣಿ ಬೀಳಲು ಬಿಡುವುದು ಇನ್ನೊಂದು. ಯಾವ ಯಂತ್ರ ಬೇಕು, ಅದರ ಆಕಾರ ಹೇಗಿರಬೇಕು, ಗಾಳಿ ಯಾವ ಕಡೆಯಿಂದ ಬರಬೇಕು ಎಂಬುದೆಲ್ಲ ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡೆವು ಎಂಬುದರ ಮೇಲೆ ನಿಂತಿದೆ.

ಮೊದಲು, ಒಳಗೆ ಇಳಿಯುವ ದಾರಿ

ಪದರ ಬೆಟ್ಟದ ಬದಿಯಲ್ಲೇ ಕಾಣಿಸಿಕೊಂಡರೆ ನೇರವಾಗಿ ಅಡ್ಡ ಸುರಂಗ ಕೊರೆಯಬಹುದು. ಸ್ವಲ್ಪ ಆಳದಲ್ಲಿದ್ದರೆ ಇಳಿಜಾರಾದ ಸುರಂಗ, ಅಂದರೆ ಇನ್‌ಕ್ಲೈನ್. ಇದರಲ್ಲಿ ಕನ್ವೇಯರ್ ಬೆಲ್ಟನ್ನು ಒಳಗಿನಿಂದ ಮೇಲಿನವರೆಗೂ ಹಾಕಬಹುದು. ತುಂಬಾ ಆಳಕ್ಕೆ ಹೋಗಬೇಕಾದರೆ ಬಾವಿಯಂತೆ ನೇರವಾಗಿ ಇಳಿಯುವ ಶಾಫ್ಟ್ ಬೇಕು. ಅದರ ಮೇಲೆ ಎತ್ತರದ ಕಬ್ಬಿಣದ ಚೌಕಟ್ಟು, ರಾಟೆ, ಉಕ್ಕಿನ ಹಗ್ಗ, ಜನ ಇಳಿಯಲು ಪಂಜರ, ಕಲ್ಲಿದ್ದಲು ಏರಿಸಲು ಸ್ಕಿಪ್ ಎಂಬ ದೊಡ್ಡ ಡಬ್ಬಿ ಇರುತ್ತವೆ.

ಯಾವ ದಾರಿಯೇ ಆಗಲಿ, ಒಂದೇ ಇದ್ದರೆ ಸಾಲದು. ಈ ನಿಯಮ ಬಂದದ್ದು ಒಂದು ದುರಂತದಿಂದ. 1862ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಗಣಿಯಲ್ಲಿ ನೀರೆತ್ತುವ ಎಂಜಿನ್ನಿನ ಭಾರಿ ಎರಕದ ಕಬ್ಬಿಣದ ತೊಲೆ ಮುರಿದು ಶಾಫ್ಟಿನೊಳಗೆ ಬಿತ್ತು. ಆ ಗಣಿಗೆ ಇದ್ದದ್ದು ಅದೊಂದೇ ಶಾಫ್ಟ್. ದಾರಿಯೂ ಮುಚ್ಚಿತು, ಗಾಳಿಯೂ ನಿಂತಿತು. ಒಳಗಿದ್ದ ಗಂಡಸರು ಮತ್ತು ಹುಡುಗರು ಸೇರಿ 204 ಮಂದಿ ಸತ್ತರು. ಅದೇ ವರ್ಷ ಅಲ್ಲಿ ಪ್ರತಿ ಗಣಿಗೂ ಎರಡು ದಾರಿ ಇರಲೇಬೇಕೆಂದು ಕಾನೂನು ಬಂತು. ಇಂದು ಗಣಿಯ ಯಾವ ನಕ್ಷೆ ನೋಡಿದರೂ ಸುರಂಗಗಳು ಜೋಡಿಯಾಗಿ ಸಾಗುತ್ತವೆ. ಒಂದರಿಂದ ಗಾಳಿ ಒಳಗೆ, ಇನ್ನೊಂದರಿಂದ ಹೊರಗೆ.

ಕಂಬ ಬಿಟ್ಟು ಕಡಿಯುವುದು

ಈ ವಿಧಾನಕ್ಕೆ ಬೋರ್ಡ್ ಅಂಡ್ ಪಿಲ್ಲರ್ ಎನ್ನುತ್ತಾರೆ. ಅಮೆರಿಕದಲ್ಲಿ ರೂಮ್ ಅಂಡ್ ಪಿಲ್ಲರ್. ಪದರದೊಳಗೆ ಉದ್ದಕ್ಕೂ ಅಡ್ಡಕ್ಕೂ ಸುರಂಗ ಕೊರೆಯುತ್ತಾ ಹೋಗುತ್ತಾರೆ. ಈ ಸುರಂಗಗಳಿಗೆ ಗ್ಯಾಲರಿ ಎಂದು ಹೆಸರು. ಗ್ಯಾಲರಿಗಳ ನಡುವೆ ಕಲ್ಲಿದ್ದಲಿನ ಚೌಕಾಕಾರದ ಕಂಬಗಳು ಉಳಿಯುತ್ತವೆ. ಕಂಬ ಅಂದಾಗ ತೆಳ್ಳಗಿನ ಕಂಬವನ್ನು ಕಲ್ಪಿಸಿಕೊಳ್ಳಬೇಡಿ. ಇವು ಒಂದೊಂದು ಬದಿ 20, 30, 40 ಮೀಟರ್ ಇರುವ ಭಾರಿ ದಿಮ್ಮಿಗಳು. ಎತ್ತರ ಮಾತ್ರ ಪದರದ ದಪ್ಪದಷ್ಟೇ, ಎರಡು ಮೂರು ಮೀಟರ್.

ಇಷ್ಟು ದೊಡ್ಡದು ಯಾಕೆ ಬೇಕು? ಮತ್ತೆ ಲೆಕ್ಕಕ್ಕೇ ಬರೋಣ. ಕಂಬದ ಬದಿ 20 ಮೀಟರ್, ಗ್ಯಾಲರಿಯ ಅಗಲ 5 ಮೀಟರ್ ಎಂದಿಟ್ಟುಕೊಳ್ಳಿ. ಆಗ ಪ್ರತಿಯೊಂದು ಕಂಬವೂ ತನ್ನ ತಲೆಯ ಮೇಲಿನದ್ದಲ್ಲದೆ ಸುತ್ತಲಿನ ಅರ್ಧರ್ಧ ಗ್ಯಾಲರಿಯ ಭಾರವನ್ನೂ ಹೊರಬೇಕು. ಅಂದರೆ 25 ಮೀಟರ್ ಬದಿಯ, 625 ಚದರ ಮೀಟರ್ ಜಾಗದ ಭಾರ. ಹೊರುವ ಜಾಗ ಮಾತ್ರ 400 ಚದರ ಮೀಟರ್. ಚದರ ಮೀಟರಿಗೆ 750 ಟನ್ ಇದ್ದದ್ದು ಈಗ 1,170 ಟನ್ ದಾಟುತ್ತದೆ. ಇಷ್ಟೆಲ್ಲ ಮಾಡಿ ನಮಗೆ ಸಿಕ್ಕಿದ್ದು ಎಷ್ಟು? ಶೇ 36 ಮಾತ್ರ. ಉಳಿದ ಶೇ 64 ಕಲ್ಲಿದ್ದಲು ಕಂಬಗಳಲ್ಲೇ ನಿಂತಿದೆ.

ಇನ್ನೂ ಆಳಕ್ಕೆ ಹೋದರೆ ಭಾರ ಜಾಸ್ತಿ. ಕಂಬ ಇನ್ನೂ ದಪ್ಪ ಇರಬೇಕು. ಸಿಗುವ ಪಾಲು ಇನ್ನೂ ಕಡಿಮೆ. ಈ ವಿಧಾನದ ಮಿತಿ ಇರುವುದೇ ಇಲ್ಲಿ.

ಆಸೆಗೆ ಬಿದ್ದು ಕಂಬವನ್ನು ಸಣ್ಣದು ಮಾಡಿದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿ ತೋರಿಸಿತು. 1960ರ ಜನವರಿ 21ರಂದು ಅಲ್ಲಿ ನೂರಾರು ಕಂಬಗಳು ಒಂದರ ಹಿಂದೆ ಒಂದು ಕುಸಿದವು. ಒಂದು ಕಂಬ ಸೋತರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಅದು ಮೊದಲೇ ತನ್ನ ಶಕ್ತಿಯ ಕೊನೆಯಲ್ಲಿದ್ದರೆ ಅದೂ ಸೋಲುತ್ತದೆ. 435 ಮಂದಿ ಒಳಗೇ ಉಳಿದುಹೋದರು. ಆ ನಂತರವೇ ಆ ದೇಶದಲ್ಲಿ ಕಂಬದ ಶಕ್ತಿಯನ್ನು ಅಂದಾಜಿನಿಂದ ಅಲ್ಲ, ಲೆಕ್ಕದಿಂದ ಹೇಳಬೇಕೆಂಬ ಗಂಭೀರ ಕೆಲಸ ಶುರುವಾಯಿತು. ಸಾಲಮನ್ ಮತ್ತು ಮನ್ರೊ ಎಂಬ ಇಬ್ಬರು ಸಂಶೋಧಕರು, ಕುಸಿಯದೆ ನಿಂತಿರುವ 98 ಮತ್ತು ಕುಸಿದ 27 ಕಂಬ ಪ್ರದೇಶಗಳನ್ನು ಅಳೆದು 1967ರಲ್ಲಿ ಒಂದು ಸೂತ್ರ ಕೊಟ್ಟರು. ಕಂಬ ಅಗಲವಾದಷ್ಟೂ ಗಟ್ಟಿ, ಎತ್ತರವಾದಷ್ಟೂ ದುರ್ಬಲ ಎಂಬುದು ಅದರ ಸಾರ. ಪ್ರಪಂಚದ ಬಹಳ ಕಡೆ ಕಂಬದ ಅಳತೆ ನಿರ್ಧರಿಸುವವರು ಇಂದಿಗೂ ಆ ದಾರಿಯಲ್ಲೇ ಯೋಚಿಸುತ್ತಾರೆ. ಆ ಸೂತ್ರದ ಹಿಂದೆ 435 ಜೀವಗಳಿವೆ. ಗಣಿ ಎಂಜಿನಿಯರಿಂಗ್ ಕಲಿಯುವವರಿಗೆ ಸೂತ್ರದ ಜೊತೆಗೆ ಈ ಕತೆಯನ್ನೂ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬಿಟ್ಟ ಕಂಬಗಳನ್ನು ಸುಮ್ನೆ ಬಿಟ್ಟುಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಒಂದು ಪ್ರದೇಶದ ಗ್ಯಾಲರಿಗಳು ಮುಗಿದ ಮೇಲೆ, ಕೊನೆಯ ಸಾಲಿನಿಂದ ಹಿಂದೆ ಸರಿಯುತ್ತಾ ಒಂದೊಂದೇ ಕಂಬವನ್ನು ಕಡಿಯುತ್ತಾರೆ. ಇದಕ್ಕೆ ಡಿಪಿಲ್ಲರಿಂಗ್ ಎನ್ನುತ್ತಾರೆ. ಕಂಬ ಹೋದ ಜಾಗದಲ್ಲಿ ಚಾವಣಿ ಕುಸಿಯುತ್ತದೆ. ಹೀಗೆ ಕುಸಿದು ತುಂಬಿದ ಜಾಗವೇ ಗೋಫ್. ಈ ಕೆಲಸ ಗ್ಯಾಲರಿ ಕೊರೆಯುವುದಕ್ಕಿಂತ ಎಷ್ಟೋ ಪಾಲು ಅಪಾಯಕಾರಿ. ಯಾಕೆಂದರೆ ಕುಸಿತದ ಗೆರೆ ಕೆಲಸಗಾರರಿಗೆ ಕೆಲವೇ ಮೀಟರ್ ದೂರದಲ್ಲಿರುತ್ತದೆ. ತೆಗೆದ ಕಂಬಗಳ ಭಾರವೆಲ್ಲ ಉಳಿದ ಸಾಲಿನ ಮೇಲೆ ಬಂದು ಕೂರುತ್ತದೆ. 2007ರ ಆಗಸ್ಟಿನಲ್ಲಿ ಅಮೆರಿಕದ ಯೂಟಾ ರಾಜ್ಯದ ಕ್ರ್ಯಾಂಡಲ್ ಕ್ಯಾನ್ಯನ್ ಗಣಿಯಲ್ಲಿ, 450 ಮೀಟರಿಗಿಂತ ಹೆಚ್ಚು ಬಂಡೆಯ ಅಡಿಯಲ್ಲಿ ಹೀಗೆ ಕಂಬ ತೆಗೆಯುವಾಗ ಕಂಬಗಳೇ ಸಿಡಿದವು. ಆರು ಮಂದಿ ಸಿಕ್ಕಿಹಾಕಿಕೊಂಡರು. ಅವರನ್ನು ಹುಡುಕಲು ಹೋದವರಲ್ಲಿ ಮೂವರು ಹತ್ತು ದಿನಗಳ ನಂತರ ಇನ್ನೊಂದು ಸಿಡಿತಕ್ಕೆ ಬಲಿಯಾದರು.

ಚಾವಣಿ ಕುಸಿಯಲು ಬಿಡದೆ, ಕಂಬ ತೆಗೆದ ಜಾಗವನ್ನು ಮರಳಿನಿಂದ ತುಂಬುವ ಕ್ರಮವೂ ಇದೆ. ಮರಳನ್ನು ನೀರಿನಲ್ಲಿ ಕಲಸಿ ಪೈಪಿನ ಮೂಲಕ ಮೇಲಿನಿಂದ ಇಳಿಸುತ್ತಾರೆ. ನೀರು ಸೋರಿಹೋಗಿ ಮರಳು ನಿಲ್ಲುತ್ತದೆ. ಮೇಲೆ ಊರು, ರೈಲು ದಾರಿ ಇದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಖರ್ಚು ಜಾಸ್ತಿ, ಮರಳೂ ಬೇಕು, ನಂತರ ಆ ನೀರನ್ನು ಪುನಃ ಮೇಲೆತ್ತಬೇಕು.

ಗ್ಯಾಲರಿಯ ಯಂತ್ರಗಳು

ಹಳೆಯ ಕ್ರಮದಲ್ಲಿ ಕಲ್ಲಿದ್ದಲಿನ ಗೋಡೆಗೆ ಡ್ರಿಲ್ಲಿನಿಂದ ತೂತು ಕೊರೆದು, ಸ್ಫೋಟಕ ತುಂಬಿ ಸಿಡಿಸುತ್ತಾರೆ. ಇದು ಕಲ್ಲು ಕ್ವಾರಿಯ ಸ್ಫೋಟಕವಲ್ಲ. ಜ್ವಾಲೆ ಚಿಕ್ಕದಾಗಿ, ಕ್ಷಣದಲ್ಲಿ ಆರುವಂತೆ ಉಪ್ಪಿನಂಥ ವಸ್ತು ಬೆರೆಸಿದ, ಕಲ್ಲಿದ್ದಲು ಗಣಿಗೆಂದೇ ಅನುಮತಿ ಪಡೆದ ಸ್ಫೋಟಕ. ಸಿಡಿದು ಬಿದ್ದದ್ದನ್ನು ಎಸ್‌ಡಿಎಲ್ (ಸೈಡ್ ಡಿಸ್ಚಾರ್ಜ್ ಲೋಡರ್) ಎಂಬ ಯಂತ್ರ ಎತ್ತುತ್ತದೆ. ಇದರ ಬಕೆಟ್ ಪಕ್ಕಕ್ಕೆ ವಾಲಿ ಸುರಿಯುತ್ತದೆ. ನಾಲ್ಕೈದು ಮೀಟರ್ ಅಗಲದ ಸುರಂಗದಲ್ಲಿ ಯಂತ್ರ ಪೂರ್ತಿ ತಿರುಗಲು ಜಾಗವಿಲ್ಲ, ಅದಕ್ಕೇ ಈ ಏರ್ಪಾಡು.

ಕೊರೆ, ಸಿಡಿಸು, ಹೊಗೆ ಹೋಗಲು ಕಾಯಿ, ತುಂಬು, ಚಾವಣಿಗೆ ಆಸರೆ ಕೊಡು: ಈ ಚಕ್ರದಲ್ಲಿ ಬಹಳ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಕಡಿಯುವುದನ್ನೂ ತುಂಬುವುದನ್ನೂ ಒಂದುಗೂಡಿಸಿದ ಯಂತ್ರವೇ ಕಂಟಿನ್ಯೂಯಸ್ ಮೈನರ್. ಅಮೆರಿಕದ ಜಾಯ್ ಕಂಪನಿ 1948ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಈಗಿನ ಯಂತ್ರದ ಮುಂದೆ ಅಡ್ಡಲಾಗಿ ತಿರುಗುವ ದೊಡ್ಡ ಉರುಳೆ ಇರುತ್ತದೆ. ಅದರ ತುಂಬ ಟಂಗ್‌ಸ್ಟನ್ ಕಾರ್ಬೈಡ್ ಮೊನೆಯ ಪಿಕ್‌ಗಳು. ಉರುಳೆಯನ್ನು ಮೇಲೆತ್ತಿ ಗೋಡೆಗೆ ಒತ್ತಿ ಕೆಳಕ್ಕೆ ಇಳಿಸುತ್ತಾ ಬಂದರೆ ಕಲ್ಲಿದ್ದಲು ಕಳಚಿ ಬೀಳುತ್ತದೆ. ಕೆಳಗಿರುವ ಯಂತ್ರದ ಕೈಗಳು ಅದನ್ನು ನಡುವಿಗೆ ಬಾಚುತ್ತವೆ. ಯಂತ್ರದ ಮೈಯುದ್ದಕ್ಕೂ ಓಡುವ ಚೈನ್ ಕನ್ವೇಯರ್ ಅದನ್ನು ಹಿಂದಕ್ಕೆ ಸಾಗಿಸುತ್ತದೆ. ಅಲ್ಲಿ ಶಟಲ್ ಕಾರ್ ಕಾದಿರುತ್ತದೆ. ಅದು ತುಂಬಿಕೊಂಡು ಬೆಲ್ಟ್ ಇರುವ ಕಡೆಗೆ ಹೋಗಿ ಸುರಿದು ಬರುತ್ತದೆ. ತಿರುಗಿಸದೆಯೇ ಅದು ಮಗ್ಗದ ಲಾಳಿಯಂತೆ (ಶಟಲ್) ಎರಡೂ ಕಡೆಗೆ ಓಡಬಲ್ಲದು, ಹಾಗಾಗಿ ಆ ಹೆಸರು.

ಕಂಟಿನ್ಯೂಯಸ್ ಮೈನರನ್ನು ನಡೆಸುವವರು ಅದರ ಮೇಲೆ ಕೂರುವುದಿಲ್ಲ. ರಿಮೋಟ್ ಹಿಡಿದು, ಆಸರೆ ಕೊಟ್ಟು ಭದ್ರ ಮಾಡಿದ ಚಾವಣಿಯ ಅಡಿಯಲ್ಲಿ ಹಿಂದೆ ನಿಲ್ಲುತ್ತಾರೆ. ಆಸರೆ ಇಲ್ಲದ ಚಾವಣಿಯ ಕೆಳಗೆ ಯಂತ್ರ ಹೋಗಬಹುದು, ಮನುಷ್ಯ ಹೋಗಬಾರದು. ನೆಲದಡಿಯ ಗಣಿಯಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿಲ್ಲ.

ಹಾಗಾದರೆ ಆಸರೆ ಕೊಡುವುದು ಹೇಗೆ? ಹಿಂದೆ ಮರದ ಕಂಬ, ಕಬ್ಬಿಣದ ತೊಲೆ ನಿಲ್ಲಿಸುತ್ತಿದ್ದರು. 1940ರ ದಶಕದ ಕೊನೆಯಿಂದ ರೂಫ್ ಬೋಲ್ಟ್ ಬಂತು. ಈಗ ಚಾವಣಿಗೆ ಮೇಲ್ಮುಖವಾಗಿ ಎರಡು ಮೀಟರ್ ಆಸುಪಾಸಿನ ತೂತು ಕೊರೆಯುತ್ತಾರೆ. ಅದರೊಳಗೆ ರಾಳದ ಅಂಟಿನ ಕೊಳವೆ ತೂರಿಸಿ, ಉಕ್ಕಿನ ಸರಳನ್ನು ಗಿರಗಿರನೆ ತಿರುಗಿಸುತ್ತಾ ನುಗ್ಗಿಸುತ್ತಾರೆ. ಅಂಟು ಕಲಸಿಹೋಗಿ ನಿಮಿಷದೊಳಗೆ ಗಟ್ಟಿಯಾಗುತ್ತದೆ. ಕೆಳಗೆ ಫಲಕ ಇಟ್ಟು ನಟ್ಟು ಬಿಗಿಯುತ್ತಾರೆ. ಮೇಲಿನ ಬಂಡೆ ಸಾಮಾನ್ಯವಾಗಿ ತೆಳು ಪದರಗಳಾಗಿ ಇರುತ್ತದೆ. ಹತ್ತು ತೆಳು ಹಲಗೆಗಳನ್ನು ಒಂದರ ಮೇಲೊಂದು ಬಿಡಿಯಾಗಿ ಇಟ್ಟರೆ ಸುಲಭವಾಗಿ ಬಾಗುತ್ತವೆ. ಅವನ್ನೇ ಮೊಳೆ ಹೊಡೆದು ಒಂದು ಮಾಡಿದರೆ ದಪ್ಪ ತೊಲೆಯಾಗುತ್ತದೆ, ಅಲ್ವಾ? ಬೋಲ್ಟ್ ಮಾಡುವುದೂ ಅದನ್ನೇ. ಬಂಡೆಯನ್ನು ಹೊರಗಿನಿಂದ ಹೊರುವ ಬದಲು, ಬಂಡೆ ತನ್ನನ್ನು ತಾನೇ ಹೊತ್ತುಕೊಳ್ಳುವಂತೆ ಮಾಡುತ್ತದೆ. ಗ್ಯಾಲರಿಯ ನಡುವೆ ಕಂಬಗಳ ಅಡ್ಡಿಯೂ ತಪ್ಪುತ್ತದೆ, ದೊಡ್ಡ ಯಂತ್ರಗಳಿಗೆ ಓಡಾಡಲು ಜಾಗ ಸಿಗುತ್ತದೆ.

ಬೋಲ್ಟ್ ಹಾಕಿದ ಮೇಲೂ ಅನುಭವಿಗಳು ಸರಳಿನಿಂದ ಚಾವಣಿಯನ್ನು ತಟ್ಟಿ ನೋಡುತ್ತಾರೆ. ಠಣ್ಣನೆ ಕೇಳಿದರೆ ಗಟ್ಟಿ. ಡಬಡಬ ಎಂದರೆ ಒಳಗೆ ಪದರ ಬಿಟ್ಟುಕೊಂಡಿದೆ ಎಂದರ್ಥ.

ಲಾಂಗ್‌ವಾಲ್: ಚಾವಣಿಯನ್ನು ಬೀಳಲು ಬಿಡುವ ವಿಧಾನ

ನೆಲದಡಿಯ ಗಣಿಗಾರಿಕೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಇದು. ಮೊದಲು ಎರಡು ಉದ್ದನೆಯ ಸಮಾನಾಂತರ ಸುರಂಗ ಕೊರೆಯುತ್ತಾರೆ. ಇವುಗಳ ನಡುವಿನ ಅಂತರ ಸಾಮಾನ್ಯವಾಗಿ 150ರಿಂದ 400 ಮೀಟರ್, ಉದ್ದ ಒಂದರಿಂದ ಹಲವು ಕಿಲೋಮೀಟರ್. ಇವು ಗೇಟ್ ರೋಡ್‌ಗಳು, ನಡುವೆ ಉಳಿಯುವ ಕಲ್ಲಿದ್ದಲಿನ ಭಾಗವೇ ಪ್ಯಾನೆಲ್. ದೂರದ ತುದಿಯಲ್ಲಿ ಎರಡು ಗೇಟ್ ರೋಡ್‌ಗಳನ್ನೂ ಅಡ್ಡ ಸುರಂಗದಿಂದ ಜೋಡಿಸುತ್ತಾರೆ. ಆ ಅಡ್ಡ ಸುರಂಗದ ಒಂದು ಬದಿಯ ಕಲ್ಲಿದ್ದಲಿನ ಗೋಡೆಯೇ ಫೇಸ್. ಯಂತ್ರ ಈ ಗೋಡೆಯನ್ನು ಆ ತುದಿಯಿಂದ ಈ ತುದಿಗೆ ಕೆತ್ತುತ್ತಾ, ಬಂದ ದಾರಿಯತ್ತ ಹಿಂದೆ ಸರಿಯುತ್ತದೆ.

ಮೂರು ಯಂತ್ರಗಳು ಇಲ್ಲಿ ಒಂದೇ ದೇಹದಂತೆ ಕೆಲಸ ಮಾಡುತ್ತವೆ.

ಮೊದಲನೆಯದು ಶಿಯರರ್. ಉದ್ದನೆಯ ಮೈ, ಎರಡು ತುದಿಗಳಲ್ಲಿ ತೋಳು, ತೋಳಿನ ತುದಿಗೆ ತಿರುಗುವ ಉರುಳೆ. ಮುಂದಿನ ಉರುಳೆ ಪದರದ ಮೇಲ್ಭಾಗವನ್ನೂ ಹಿಂದಿನದು ಕೆಳಭಾಗವನ್ನೂ ಕಡಿಯುತ್ತವೆ. ಬ್ರಿಟನ್ನಿನ ಜೇಮ್ಸ್ ಆಂಡರ್ಟನ್ 1952ರ ಸುಮಾರಿಗೆ ರೂಪಿಸಿದ ಯಂತ್ರ ಇವುಗಳ ಪೂರ್ವಜ. ಒಂದು ಸಲ ಫೇಸ್ ಉದ್ದಕ್ಕೂ ಓಡಿದಾಗ ಗೋಡೆಯಿಂದ 0.6ರಿಂದ 1 ಮೀಟರ್ ದಪ್ಪ ಕಳಚುತ್ತದೆ. 250 ಮೀಟರ್ ಉದ್ದದ, 3 ಮೀಟರ್ ಎತ್ತರದ ಫೇಸಿನಲ್ಲಿ 0.8 ಮೀಟರ್ ದಪ್ಪ ಕಡಿದರೆ 600 ಘನ ಮೀಟರ್. ತೂಕದಲ್ಲಿ ಸುಮಾರು 800 ಟನ್. ಅದೂ ಒಂದೇ ಓಟದಲ್ಲಿ.

ಎರಡನೆಯದು ಫೇಸ್ ಉದ್ದಕ್ಕೂ ಮಲಗಿರುವ ಉಕ್ಕಿನ ಕನ್ವೇಯರ್. ಗಟ್ಟಿ ಉಕ್ಕಿನ ತೊಟ್ಟಿಯೊಳಗೆ ದಪ್ಪ ಸರಪಳಿ ಓಡುತ್ತದೆ. ಅದಕ್ಕೆ ಕಟ್ಟಿದ ಅಡ್ಡಪಟ್ಟಿಗಳು ಕಲ್ಲಿದ್ದಲನ್ನು ಎಳೆದೊಯ್ಯುತ್ತವೆ. ಶಿಯರರ್ ಇದರ ಮೇಲೇ ಹತ್ತಿ ಓಡುತ್ತದೆ. ಹಾಗಾಗಿ ಇದು ಕನ್ವೇಯರೂ ಹೌದು, ಹಳಿಯೂ ಹೌದು.

ಮೂರನೆಯದು ಶೀಲ್ಡ್. ಹೈಡ್ರಾಲಿಕ್ ಕಾಲುಗಳ ಮೇಲೆ ನಿಂತ ಉಕ್ಕಿನ ಸೂರು. ಒಂದೊಂದೂ ಎರಡು ಮೀಟರಿನಷ್ಟು ಅಗಲ. 250 ಮೀಟರ್ ಫೇಸಿಗೆ ಸುಮಾರು 125 ಶೀಲ್ಡ್‌ಗಳು ಪಕ್ಕಪಕ್ಕ ನಿಂತಿರುತ್ತವೆ. ಕೆಲಸಗಾರರು, ಶಿಯರರ್, ಕನ್ವೇಯರ್ ಎಲ್ಲವೂ ಈ ಸೂರಿನ ಅಡಿಯಲ್ಲಿ.

ಶೀಲ್ಡ್ ನಡೆಯುವ ರೀತಿ ನೋಡಿ. ಪ್ರತಿ ಶೀಲ್ಡಿನ ತಳದಿಂದ ಒಂದು ಹೈಡ್ರಾಲಿಕ್ ದಂಡ ಹೊರಟು ಕನ್ವೇಯರಿಗೆ ಕಟ್ಟಿಕೊಂಡಿರುತ್ತದೆ. ಶಿಯರರ್ ಮುಂದೆ ಹೋದ ತಕ್ಷಣ ಹತ್ತಿರದ ಶೀಲ್ಡ್ ತನ್ನ ಕಾಲುಗಳನ್ನು ಸ್ವಲ್ಪ ಇಳಿಸಿಕೊಂಡು ಚಾವಣಿಯನ್ನು ಬಿಡುತ್ತದೆ. ದಂಡ ಒಳಕ್ಕೆ ಸೇರುತ್ತದೆ. ಕನ್ವೇಯರನ್ನು ಆಧಾರವಾಗಿ ಹಿಡಿದು ಶೀಲ್ಡ್ ಮುಂದಕ್ಕೆ ಎಳೆದುಕೊಳ್ಳುತ್ತದೆ. ಹೊಸ ಜಾಗದಲ್ಲಿ ಕಾಲು ಚಾಚಿ ಚಾವಣಿಗೆ ಒತ್ತಿ ನಿಲ್ಲುತ್ತದೆ. ಈಗ ಗಟ್ಟಿಯಾಗಿ ನಿಂತ ಶೀಲ್ಡೇ ಆಧಾರ. ಅದೇ ದಂಡ ಹೊರಚಾಚಿ ಕನ್ವೇಯರನ್ನು ಗೋಡೆಯತ್ತ ತಳ್ಳುತ್ತದೆ. ಒಮ್ಮೆ ಇದು ಅದನ್ನು ಹಿಡಿದು, ಇನ್ನೊಮ್ಮೆ ಅದು ಇದನ್ನು ಹಿಡಿದು, ಸಾವಿರಾರು ಟನ್ ಉಕ್ಕಿನ ಸಾಲು ಹೆಜ್ಜೆ ಹಾಕುತ್ತದೆ. ಹೊರಗಿನ ಯಾವ ಹಗ್ಗವೂ ಇಲ್ಲ, ಚಕ್ರವೂ ಇಲ್ಲ.

ಶೀಲ್ಡ್ ಮುಂದೆ ಬಂದಾಗ ಅದರ ಹಿಂದಿನ ಚಾವಣಿಗೆ ಆಸರೆ ತಪ್ಪುತ್ತದೆ. ಅದು ಕುಸಿಯುತ್ತದೆ. ಕುಸಿಯಲೇಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶೀಲ್ಡ್ ಎಷ್ಟು ಭಾರ ಹೊರಬಲ್ಲದು? ಒಳ್ಳೆಯ ಶೀಲ್ಡಿನ ಶಕ್ತಿ ಸುಮಾರು 1,000 ಟನ್. ಅದು ಕಾಯುವ ಜಾಗ ಹತ್ತು ಚದರ ಮೀಟರ್ ಆಸುಪಾಸು. ಅಂದರೆ ಚದರ ಮೀಟರಿಗೆ ನೂರು ಟನ್. ಮೇಲಿರುವುದು 750 ಟನ್. ಲೆಕ್ಕ ಕೂಡುವುದೇ ಇಲ್ಲ! ಆದರೂ ಶೀಲ್ಡ್ ಜಜ್ಜಿಹೋಗುವುದಿಲ್ಲ. ಯಾಕೆಂದರೆ ಅದು ಇಡೀ 300 ಮೀಟರ್ ಬಂಡೆಯನ್ನು ಹೊರುತ್ತಿಲ್ಲ. ಮೇಲಿನ ಭಾರದ ಬಹುಪಾಲು ಫೇಸ್ ಮೇಲೆ ಸೇತುವೆಯಂತೆ ಬಾಗಿ, ಮುಂದಿನ ಗಟ್ಟಿ ಕಲ್ಲಿದ್ದಲಿನ ಮೇಲೂ ಹಿಂದಿನ ಗೋಫ್ ಮೇಲೂ ಕೂರುತ್ತದೆ. ಶೀಲ್ಡ್ ಹೊರುವುದು ತನ್ನ ನೆತ್ತಿಯ ಮೇಲೆ ಬಿರುಕು ಬಿಟ್ಟು ಬಿಡಿಯಾಗಿರುವ ಕೆಲವು ಮೀಟರ್ ಬಂಡೆಯನ್ನು ಮಾತ್ರ.

ಗೋಫ್ ಭಾರ ಹೊರುವುದು ಹೇಗೆ? ಒಡೆದ ಬಂಡೆ ಇಡಿ ಬಂಡೆಗಿಂತ ಹೆಚ್ಚು ಜಾಗ ತಿನ್ನುತ್ತದೆ. ಒಡೆದಾಗ ಗಾತ್ರ ಶೇ 30ರಷ್ಟು ಹಿಗ್ಗುತ್ತದೆ ಎಂದುಕೊಳ್ಳಿ. 3 ಮೀಟರ್ ಕಲ್ಲಿದ್ದಲು ತೆಗೆದರೆ ಮೇಲಿನ 10 ಮೀಟರ್ ಬಂಡೆ ಕುಸಿದಾಗ ಖಾಲಿ ಜಾಗವೆಲ್ಲ ತುಂಬಿಹೋಗುತ್ತದೆ. ಅಲ್ಲಿಗೆ ಕುಸಿತ ನಿಂತು, ಅದರ ಮೇಲಿನ ಬಂಡೆ ಈ ರಾಶಿಯ ಮೇಲೆ ಮೆಲ್ಲಗೆ ಒರಗುತ್ತದೆ.

ಇದೇ ಕಾರಣಕ್ಕೆ ಲಾಂಗ್‌ವಾಲಿಗೆ ಚಾವಣಿ ಸಲೀಸಾಗಿ ಕುಸಿಯುವುದು ಒಳ್ಳೆಯ ಲಕ್ಷಣ. ಗಟ್ಟಿ ಮರಳುಗಲ್ಲಿನ ಚಾವಣಿ ಕುಸಿಯದೆ ಹತ್ತಾರು ಮೀಟರ್ ಉದ್ದಕ್ಕೆ ಹಿಂದೆ ಚಾಚಿಕೊಂಡು ನಿಂತರೆ ಎಲ್ಲರಿಗೂ ಆತಂಕ. ಅದರ ಭಾರವೆಲ್ಲ ಶೀಲ್ಡ್‌ಗಳ ಮೇಲೆ ಬರುತ್ತದೆ. ಒಮ್ಮೆಲೇ ಮುರಿದು ಬಿದ್ದರೆ ಕೆಳಗಿನ ಗಾಳಿ ಬಿರುಗಾಳಿಯಾಗಿ ಸುರಂಗದೊಳಗೆ ನುಗ್ಗಿ ಜನರನ್ನೇ ಎತ್ತಿ ಎಸೆಯುತ್ತದೆ. ಅಂಥ ಚಾವಣಿಯನ್ನು ಮೊದಲೇ ಕೊರೆದು ಸಿಡಿಸಿಯೋ, ನೀರಿನ ಒತ್ತಡದಿಂದ ಬಿರುಕು ಮೂಡಿಸಿಯೋ ದುರ್ಬಲ ಮಾಡುತ್ತಾರೆ.

ಪದರ ತುಂಬಾ ತೆಳ್ಳಗಿದ್ದರೆ ಶಿಯರರ್ ಬದಲು ನೇಗಿಲಿನಂಥ ಪ್ಲೌ ಬರುತ್ತದೆ. ಸರಪಳಿ ಎಳೆದಂತೆ ಅದು ಗೋಡೆಯನ್ನು ಕೆರೆಯುತ್ತಾ ಓಡುತ್ತದೆ. ಪದರ ಏಳೆಂಟು ಮೀಟರಿಗೂ ದಪ್ಪಗಿದ್ದರೆ ಚೀನಾದಲ್ಲಿ ಹೆಚ್ಚಾಗಿ ಬಳಸುವ ಇನ್ನೊಂದು ಉಪಾಯ ಇದೆ. ಕೆಳಗಿನ ಮೂರು ಮೀಟರನ್ನು ಮಾತ್ರ ಕಡಿದು, ಮೇಲಿನ ಕಲ್ಲಿದ್ದಲು ತಾನಾಗಿ ಪುಡಿಯಾಗಿ ಬೀಳುವಾಗ ಶೀಲ್ಡಿನ ಹಿಂದೆ ಇನ್ನೊಂದು ಕನ್ವೇಯರ್ ಇಟ್ಟು ಹಿಡಿದುಕೊಳ್ಳುತ್ತಾರೆ. ಚಾವಣಿಯ ಭಾರವೇ ಕಡಿಯುವ ಕೆಲಸ ಮಾಡಿಕೊಡುತ್ತದೆ.

ಇದಕ್ಕೆಲ್ಲ ಬೆಲೆ ಇದೆ. ಕೆಳಗೆ ಕುಸಿದದ್ದು ಕೊನೆಗೆ ಮೇಲಿನ ನೆಲವನ್ನೂ ತಗ್ಗಿಸುತ್ತದೆ. ತೆಗೆದ ದಪ್ಪದ ಅರ್ಧಕ್ಕಿಂತ ಹೆಚ್ಚು ನೆಲ ಇಳಿಯಬಹುದು. ಮನೆ ಬಿರುಕು ಬಿಡುತ್ತದೆ, ಬಾವಿ ಬತ್ತುತ್ತದೆ, ಹೊಲದಲ್ಲಿ ನೀರು ನಿಲ್ಲುತ್ತದೆ. ಕಲ್ಲಿದ್ದಲಿನ ಲೆಕ್ಕ ಹಾಕುವಾಗ ಈ ನಷ್ಟವನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ಗಾಳಿ, ಅನಿಲ, ದೂಳು

ಕಲ್ಲಿದ್ದಲು ಕಡಿದಾಗ ಅದರೊಳಗೆ ಸಿಕ್ಕಿಕೊಂಡಿದ್ದ ಮಿಥೇನ್ ಹೊರಬರುತ್ತದೆ. ಗಾಳಿಯಲ್ಲಿ ಇದರ ಪಾಲು ಶೇ 5ರಿಂದ 15 ಇದ್ದರೆ ಒಂದು ಕಿಡಿ ಸಾಕು. ಗಾಳಿಗಿಂತ ಹಗುರ, ಹಾಗಾಗಿ ಚಾವಣಿಯ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಇದಕ್ಕೆ ಮೊದಲ ಮದ್ದು ಧಾರಾಳ ಗಾಳಿ. ಮೇಲಿರುವ ದೊಡ್ಡ ಫ್ಯಾನ್ ಒಂದು ಶಾಫ್ಟಿನಿಂದ ಗಾಳಿಯನ್ನು ಹೊರಕ್ಕೆ ಸೆಳೆಯುತ್ತದೆ. ಇನ್ನೊಂದರಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ. ಒಳಗೆ ಗೋಡೆ, ಜೋಡಿ ಬಾಗಿಲು, ಪರದೆ ಕಟ್ಟಿ ಅದು ಅಡ್ಡದಾರಿ ಹಿಡಿಯದಂತೆ ನಡೆಸುತ್ತಾರೆ. ಲಾಂಗ್‌ವಾಲಿನಲ್ಲಿ ಗಾಳಿ ಒಂದು ಗೇಟ್ ರೋಡಿನಿಂದ ಬಂದು, ಫೇಸ್ ಗುಂಟ ಸಾಗಿ, ಇನ್ನೊಂದರಿಂದ ಹೋಗುತ್ತದೆ. ಅನಿಲ ತುಂಬಾ ಇರುವ ಕಡೆ ಮೊದಲೇ ಪದರಕ್ಕೆ ಉದ್ದನೆಯ ತೂತು ಕೊರೆದು ಮಿಥೇನನ್ನು ಪೈಪಿನಲ್ಲಿ ಹೊರತೆಗೆಯುತ್ತಾರೆ.

ಎರಡನೆಯ ಮದ್ದು ಕಿಡಿ ಹೊರಬರದಂತೆ ನೋಡಿಕೊಳ್ಳುವುದು. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಗಣಿಗೆಂದು ಮಾಡಿದ ದೀಪದಲ್ಲಿ ಜ್ವಾಲೆಯ ಸುತ್ತ ತೆಳು ಲೋಹದ ಜಾಲರಿ ಇತ್ತು. ಅನಿಲ ಒಳಗೆ ಹೋಗಿ ಉರಿದರೂ ಜಾಲರಿ ಶಾಖವನ್ನು ಹೀರಿಕೊಂಡು, ಉರಿ ಹೊರಗೆ ದಾಟದಂತೆ ತಡೆಯುತ್ತಿತ್ತು. ಇಂದಿನ ಗಣಿ ಮೋಟಾರಿನ ಪೆಟ್ಟಿಗೆಯ ಹಿಂದೆಯೂ ಇದೇ ಯೋಚನೆ. ಅದನ್ನು ಅನಿಲ ನುಗ್ಗದಂತೆ ಮಾಡುವುದಿಲ್ಲ, ಅದು ಆಗದ ಮಾತು. ಬದಲಿಗೆ ಒಳಗೆ ಸ್ಫೋಟವಾದರೂ ತಡೆದುಕೊಳ್ಳುವಷ್ಟು ದಪ್ಪಗೆ ಮಾಡುತ್ತಾರೆ. ಮುಚ್ಚಳದ ಅಂಚು ಅಗಲ, ಸಂದು ತೀರಾ ಕಿರಿದು. ಬಿಸಿ ಅನಿಲ ಆ ಸಂದಿನಲ್ಲಿ ಹಾದು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಅಂಚಿನಲ್ಲಿ ಒಂದು ಗೀರು ಬಿದ್ದರೂ, ಒಂದು ಬೋಲ್ಟ್ ಸಡಿಲವಾದರೂ ಪೆಟ್ಟಿಗೆ ಕೆಲಸಕ್ಕೆ ಬಾರದು. ಯಂತ್ರಗಳ ಮೇಲೇ ಮಿಥೇನ್ ಅಳೆಯುವ ಸಾಧನ ಇರುತ್ತದೆ. ಪಾಲು ಶೇ 1 ಅಥವಾ 1.25ರ ಆಸುಪಾಸು ಮುಟ್ಟಿದರೆ ಬಹಳ ಕಡೆ ವಿದ್ಯುತ್ತನ್ನೇ ಕಡಿದುಹಾಕುತ್ತಾರೆ. ಪಿಕ್ ಗಟ್ಟಿ ಕಲ್ಲಿಗೆ ಬಡಿದು ಕಿಡಿ ಹಾರಬಹುದು, ಅದಕ್ಕೆ ಉರುಳೆಯ ಮೇಲೇ ನೀರು ಚಿಮ್ಮಿಸುತ್ತಾರೆ.

ಮಿಥೇನಿಗಿಂತಲೂ ಹೆಚ್ಚು ಭಯ ಹುಟ್ಟಿಸುವುದು ಕಲ್ಲಿದ್ದಲಿನ ದೂಳು. ಸಣ್ಣ ಸ್ಫೋಟವೊಂದು ನೆಲದ ಮೇಲಿನ ದೂಳನ್ನು ಎಬ್ಬಿಸುತ್ತದೆ. ಆ ದೂಳು ಹೊತ್ತಿ ಇನ್ನಷ್ಟು ದೂಳನ್ನು ಎಬ್ಬಿಸುತ್ತದೆ. ಹೀಗೆ ಕಿಲೋಮೀಟರುಗಟ್ಟಲೆ ಓಡುತ್ತದೆ. 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಹೀಗೆ 1,099 ಮಂದಿ ಸತ್ತರು. 20 ದಿನಗಳ ನಂತರ 13 ಮಂದಿ ಜೀವಂತವಾಗಿ ಹೊರಬಂದರು ಎಂಬುದೇ ಆ ದುರಂತದೊಳಗಿನ ಅಚ್ಚರಿ. ಇದಕ್ಕೆ ಕಂಡುಕೊಂಡ ಉಪಾಯ ಸರಳ. ಸುರಂಗದ ಗೋಡೆ, ನೆಲ, ಚಾವಣಿಗಳಿಗೆ ಸುಣ್ಣಕಲ್ಲಿನ ಪುಡಿ ಎರಚುತ್ತಾರೆ. ಸ್ಫೋಟದ ಗಾಳಿಗೆ ಕಲ್ಲಿದ್ದಲ ದೂಳಿನ ಜೊತೆ ಉರಿಯದ ಈ ಪುಡಿಯೂ ಏಳುತ್ತದೆ, ಶಾಖವನ್ನು ಹೀರುತ್ತದೆ, ಬೆಂಕಿಯ ಓಟ ನಿಲ್ಲುತ್ತದೆ. ಅದೇ ನುಣ್ಣನೆಯ ಕಲ್ಲಿದ್ದಲ ದೂಳು ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶ ಕಲ್ಲಾಗುತ್ತದೆ. ಈ ಕಾಯಿಲೆಗೆ ಮದ್ದಿಲ್ಲ, ತಡೆಯುವುದೊಂದೇ ದಾರಿ.

ಬೆಂಕಿಗೆ ಅನಿಲವೇ ಬೇಕೆಂದಿಲ್ಲ. 1950ರಲ್ಲಿ ಇಂಗ್ಲೆಂಡಿನ ಕ್ರೆಸ್‌ವೆಲ್ ಗಣಿಯಲ್ಲಿ ರಬ್ಬರ್ ಬೆಲ್ಟಿಗೆ ಬೆಂಕಿ ಹತ್ತಿ 80 ಮಂದಿ ಸತ್ತರು. ಬೆಂಕಿ ಹಿಡಿಯದ ಬೆಲ್ಟ್ ಬಂದದ್ದು ಅದಾದ ಮೇಲೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದ ವಿಷ. ಅದಕ್ಕಾಗಿ ಪ್ರತಿಯೊಬ್ಬರ ಸೊಂಟದಲ್ಲೂ ಸೆಲ್ಫ್ ರೆಸ್ಕ್ಯೂವರ್ ಎಂಬ ಉಸಿರಾಟದ ಡಬ್ಬಿ ಇರುತ್ತದೆ.

ನೀರಿನ ವಿಷಯದಲ್ಲಿ ಪಂಪಿಗಿಂತ ನಕ್ಷೆ ಮುಖ್ಯ. 2002ರಲ್ಲಿ ಅಮೆರಿಕದ ಕ್ವೀಕ್ರೀಕ್‌ನಲ್ಲಿ ಪಕ್ಕದ ಹಳೆಯ ಗಣಿ ಎಲ್ಲಿಯವರೆಗಿದೆ ಎಂದು ನಕ್ಷೆಯಲ್ಲಿ ತಪ್ಪಾಗಿತ್ತು. ಯಂತ್ರ ಅದರ ಗೋಡೆ ಒಡೆದು ನೀರು ನುಗ್ಗಿತು. ಒಂಬತ್ತು ಮಂದಿಯನ್ನು ಮೇಲಿನಿಂದ ತೂತು ಕೊರೆದು ಕ್ಯಾಪ್ಸೂಲಿನಲ್ಲಿ ಎತ್ತಿದರು. 1989ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾವೀರ್ ಗಣಿಯಲ್ಲೂ ನೀರು ನುಗ್ಗಿತ್ತು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಉಕ್ಕಿನ ಕ್ಯಾಪ್ಸೂಲಿನಲ್ಲಿ ಇಳಿದು 65 ಮಂದಿಯನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದರು.

ಪ್ಯಾನೆಲ್ ಮುಗಿದಾಗ

ಲಾಂಗ್‌ವಾಲಿನ ಒಂದು ಪ್ಯಾನೆಲ್ ಮುಗಿದ ಮೇಲೆ ಆ ಶೀಲ್ಡ್‌ಗಳನ್ನು ಬಿಚ್ಚಿ ಹೊರತರಬೇಕು. ಇದು ಕಡಿಯುವುದಕ್ಕಿಂತ ನಾಜೂಕಿನ ಕೆಲಸ. ಚಾವಣಿ ಹೊತ್ತವರನ್ನೇ ಈಗ ಒಬ್ಬೊಬ್ಬರಾಗಿ ತೆಗೆಯುತ್ತಿದ್ದೇವೆ ಅಲ್ವಾ? ಹಾಗಾಗಿ ಕೊನೆಯ ಕೆಲವು ಮೀಟರಿನಲ್ಲೇ ಚಾವಣಿಗೆ ಗಟ್ಟಿ ಬಲೆ ಹರಡಿ, ದಟ್ಟವಾಗಿ ಬೋಲ್ಟ್ ಹಾಕಿ, ಫೇಸ್ ನಿಲ್ಲಿಸುತ್ತಾರೆ. ಮೊದಲು ಶಿಯರರ್, ನಂತರ ಕನ್ವೇಯರ್, ಕೊನೆಗೆ ಶೀಲ್ಡ್‌ಗಳು ಹೊರಬರುತ್ತವೆ. ಒಂದೊಂದೂ ಹತ್ತಾರು ಟನ್ ತೂಗುವುದರಿಂದ ಇದಕ್ಕೆ ವಾರಗಳೇ ಬೇಕು. ತಡ ಮಾಡುವಂತೆಯೂ ಇಲ್ಲ. ಗೋಫಿನಲ್ಲಿ ಉಳಿದ ಕಲ್ಲಿದ್ದಲು ಸೋರಿ ಬರುವ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಬಿಸಿಯಾಗುತ್ತಿರುತ್ತದೆ. ಬಿಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಎಲ್ಲ ಹೊರಬಂದ ಮೇಲೆ ಗೇಟ್ ರೋಡ್‌ಗಳಿಗೆ ದಪ್ಪ ಗೋಡೆ ಕಟ್ಟಿ ಪ್ಯಾನೆಲನ್ನು ಮುಚ್ಚುತ್ತಾರೆ. ಬೇಕಾದರೆ ಒಳಗೆ ಸಾರಜನಕ ತುಂಬುತ್ತಾರೆ. ಗೋಡೆಯಲ್ಲಿ ಒಂದು ಸಣ್ಣ ಪೈಪ್ ಬಿಟ್ಟಿರುತ್ತಾರೆ. ಅದರಿಂದ ಒಳಗಿನ ಗಾಳಿಯ ಮಾದರಿ ತೆಗೆದು ಆಗಾಗ ಪರೀಕ್ಷಿಸುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಏರುತ್ತಿದ್ದರೆ ಒಳಗೆಲ್ಲೋ ಬಿಸಿ ಹೆಚ್ಚುತ್ತಿದೆ ಎಂದರ್ಥ. ಅಷ್ಟರಲ್ಲಿ ಶೀಲ್ಡ್‌ಗಳು ಮುಂದಿನ ಪ್ಯಾನೆಲಿನಲ್ಲಿ ಸಾಲಾಗಿ ನಿಂತಿರುತ್ತವೆ. ಹಳೆಯ ಪ್ಯಾನೆಲಿಗೂ ಹೊಸದಕ್ಕೂ ನಡುವೆ ಕಲ್ಲಿದ್ದಲಿನ ಕಂಬಗಳ ಒಂದು ಸಾಲನ್ನು ಬಿಟ್ಟಿರುತ್ತಾರೆ. ಎಲ್ಲವನ್ನೂ ತೆಗೆಯುವ ಈ ವಿಧಾನವೂ ತನ್ನ ದಾರಿಗಳನ್ನು ಉಳಿಸಿಕೊಳ್ಳಲು ಆ ಕಂಬಗಳನ್ನೇ ನೆಚ್ಚಿಕೊಂಡಿದೆ.